ಸ್ಪೆಕ್ಟ್ರಮ್, ಬಿಬಿಸಿ ಮೈಕ್ರೋ, ಕಮೋಡೋರ್ 64: ಹಳೇದೊಂದು ಕೊಳ್ಳುವುದಾದರೆ ಯಾವುದು?

1980ರ ದಶಕದ ಈ ಮೂರು ಮನೆ ಕಂಪ್ಯೂಟರುಗಳ ವೇಗ ಮೆಗಾಹರ್ಟ್ಸ್‌ನಲ್ಲಿ, ಮೆಮೊರಿ ಕೆಬಿಯಲ್ಲಿ ಅಂತ ಪಟ್ಟಿ ಹಾಕಿ ಯಾವುದು ಮೇಲು ಎಂದು ಕೇಳಿದ್ದೀರಿ. ಆ ಪಟ್ಟಿಯನ್ನು ಮೊದಲು ಪಕ್ಕಕ್ಕಿಡಿ.

ನಮ್ಮ ಹೈಸ್ಕೂಲಿಗೆ, ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ, ಬಿಬಿಸಿ ಮೈಕ್ರೋ ಬಂದಿತ್ತು. 32 ಕೆಬಿ, 2 ಮೆಗಾಹರ್ಟ್ಸ್. ಮನೆಯಲ್ಲಿ ಸೋದರಮಾವ ಇಂಗ್ಲೆಂಡಿನಿಂದ ತಂದ ಸ್ಪೆಕ್ಟ್ರಮ್. 48 ಕೆಬಿ, 3.5 ಮೆಗಾಹರ್ಟ್ಸ್. ನಮ್ಮನೇದೇ ಜೋರು ಅಂದುಕೊಂಡಿದ್ದೆ. ಆದರೆ ಅದರ ಝಡ್80 ಚಿಪ್ಪಿಗೆ ಒಂದು ಸೂಚನೆ ಮುಗಿಸಲು ಕಡಿಮೆ ಅಂದರೂ 4 ಕ್ಲಾಕ್ ಸೈಕಲ್, ಅಂದರೆ ಅದರ ಗಡಿಯಾರದ 4 ಮಿಡಿತ, ಬೇಕು. ಬಿಬಿಸಿಯ 6502ಕ್ಕೆ 2 ಸಾಕು. ಬೇಸಿಕ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಬಿಬಿಸಿಯಲ್ಲೇ ಬೇಗ ಓಡುತ್ತಿತ್ತು.

ತಂಗಿಗೆ ಕಲಿಸಲೆಂದು ಸ್ಪೆಕ್ಟ್ರಮ್‌ನಲ್ಲಿ ಕನ್ನಡ ಅಕ್ಷರ ಮೂಡಿಸಲು ಕೂತೆ. ಗ್ರಾಫ್ ಹಾಳೆಯಲ್ಲಿ 8 ಸಾಲು, ಸಾಲಿಗೆ 8 ಮನೆ. ತುಂಬಿದ್ದಕ್ಕೆ 1, ಖಾಲಿಗೆ 0. 'ಬಿನ್' ಅಂತ ಕೊಟ್ಟು ಆ 1, 0 ಗಳನ್ನೇ ನೇರ ಹೊಡೆಯಬಹುದಿತ್ತು, ಎಂಥ ಅನುಕೂಲ! ಸ್ವಂತ ಅಕ್ಷರಕ್ಕೆ ಇದ್ದ ಜಾಗ ಮಾತ್ರ 21. 'ಋ' ಒಂದು ಚೌಕದಲ್ಲಿ ಹಿಡಿಸಲೇ ಇಲ್ಲ, ಎರಡು ಕೊಟ್ಟೆ. ಒತ್ತಕ್ಷರಕ್ಕೆ ಕೆಳಗೆ ಇನ್ನೊಂದು.

ಅದಷ್ಟೂ ಹೋಯಿತು. ಪ್ರೋಗ್ರಾಂ ಉಳಿಸುತ್ತಿದ್ದುದು ಕ್ಯಾಸೆಟ್ಟಿನಲ್ಲಿ, ಸದ್ದಿನ ರೂಪದಲ್ಲಿ. ಟೇಪ್ ರೆಕಾರ್ಡರಿಗೆ ಎರಡು ವೈರು: 'ಮೈಕ್' ಉಳಿಸಲು, 'ಇಯರ್' ಓದಿಸಲು. ಉಳಿಸುವಾಗ ಇಯರ್ ವೈರು ಕಿತ್ತಿಡಬೇಕು. ನಾನು ಎರಡನ್ನೂ ಸಿಕ್ಕಿಸಿಯೇ ಬಿಟ್ಟಿದ್ದೆ. ರೆಕಾರ್ಡ್ ಆಗುತ್ತಿರುವ ಸದ್ದು ಇಯರ್ ವೈರಿನಿಂದ ವಾಪಸ್ ಕಂಪ್ಯೂಟರಿಗೆ ಬರುತ್ತದೆ, ಹೊರಗೆ ಹೋಗುತ್ತಿರುವ ಸದ್ದಿನ ಜೊತೆ ಕಲಸಿಕೊಳ್ಳುತ್ತದೆ. ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದೇ ಕೀರಲು ಶಬ್ದ. ಇನ್ನೊಂದು ಕ್ಯಾಸೆಟ್ಟಿಗೂ ಕಾಪಿ ಮಾಡಿದ್ದೆ, ಅದೇ ವೈರಿನಲ್ಲಿ. ಟೇಪಿನಲ್ಲಿರುವುದನ್ನು ಮೆಮೊರಿಯ ಜೊತೆ ತಾಳೆ ನೋಡುವ 'ವೆರಿಫೈ' ಕೊಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಕೊಡಲಿಲ್ಲ. ಮಾರನೇ ದಿನ ಎರಡರಲ್ಲೂ 'ಟೇಪ್ ಲೋಡಿಂಗ್ ಎರರ್'.

ಆಗ ತಿಳಿದದ್ದು ಇದು. ಸ್ಪೆಕ್ಟ್ರಮ್ ಇಡೀ ಪ್ರೋಗ್ರಾಂ ಅನ್ನು ಒಂದೇ ಉದ್ದದ ತುಂಡಾಗಿ ಬರೆಯುತ್ತದೆ, ಸರಿ ಇದೆಯೋ ಅಂತ ಕೊನೆಯಲ್ಲಿ ನೋಡುತ್ತದೆ. ಎಲ್ಲೋ ಒಂದು ಕಡೆ ಕೆಟ್ಟರೂ ಮೊದಲಿಂದ ಶುರು. ಬಿಬಿಸಿ 256 ಬೈಟಿನ ತುಂಡುಗಳಾಗಿ, ನಂಬರ್ ಹಾಕಿ ಬರೆಯುತ್ತದೆ. ಒಂದು ತುಂಡು ಸರಿಯಾಗಿ ಓದಲಿಲ್ಲವೋ, ಸ್ವಲ್ಪ ಹಿಂದೆ ಸುತ್ತಿ ಅಷ್ಟನ್ನೇ ಮತ್ತೆ ಓದಿಸಿದರೆ ಆಯಿತು. ನಿಮ್ಮ ಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇದೆಯಾ?

ಕಮೋಡೋರ್ 64 ಆಟಕ್ಕೆ, ಸಂಗೀತಕ್ಕೆ ಚೆನ್ನ. ಅದರ ಸಿಡ್ ಚಿಪ್ಪಿನ ಮೂರು ದನಿಗೆ ಉಳಿದೆರಡರಲ್ಲಿ ಸಾಟಿಯಿಲ್ಲ. ಆದರೆ ಅದರ ಬೇಸಿಕ್‌ನಲ್ಲಿ ಗೆರೆ ಎಳೆಯಲು ಒಂದು ಆಜ್ಞೆಯೂ ಇಲ್ಲ, ಎಲ್ಲಕ್ಕೂ 'ಪೋಕ್' ಮಾಡಬೇಕು, ಅಂದರೆ ಮೆಮೊರಿಗೆ ನೇರ ಅಂಕಿ ತುಂಬಬೇಕು. ಪ್ರೋಗ್ರಾಂ ಬರೆಯುವ ಆಸೆಯಿದ್ದರೆ ಬಿಬಿಸಿ ಮೈಕ್ರೋನೇ ತಗೊಳ್ಳಿ. ಚಿಪ್ಪಿನ ಸೂಚನೆಗಳಲ್ಲೇ ನೇರ ಪ್ರೋಗ್ರಾಂ ಬರೆಯಲು ಬೇಸಿಕ್ ಒಳಗೇ ಅಸೆಂಬ್ಲರ್ ಇದೆ. ಆದರೆ ಪರದೆಯನ್ನು ಬಣ್ಣದ ಮೋಡ್ 2ಕ್ಕೆ ಹಾಕಿದರೆ ಇರುವ 32 ಕೆಬಿಯಲ್ಲಿ ಅದೇ 20 ಕೆಬಿ ನುಂಗುತ್ತದೆ, ಅದು ಗೊತ್ತಿರಲಿ.

ಇಷ್ಟು ಹೇಳಿದ ಮೇಲೂ ಸ್ಪೆಕ್ಟ್ರಮ್ಮೇ ಬೇಕಂದರೆ: ಇಯರ್ ವೈರು ಕಿತ್ತು ಸೇವ್ ಮಾಡಿ, ಟೇಪ್ ಹಿಂದೆ ಸುತ್ತಿ, ವೈರು ಮತ್ತೆ ಸಿಕ್ಕಿಸಿ ವೆರಿಫೈ ಕೊಡಿ. 'ಓಕೆ' ಬರುವವರೆಗೆ ಪವರ್ ತೆಗೆಯಬೇಡಿ.