ಓದುಗರ ಪ್ರಶ್ನೆಗೆ ಉತ್ತರ: ಈ ರಜೆಯಲ್ಲಿ ನಮ್ಮ ರಾಜಧಾನಿಗೆ

ಪ್ರಶ್ನೆ: ಅಕ್ಕಾ, ನಮಸ್ಕಾರ. ಏಪ್ರಿಲ್ ರಜೆಯಲ್ಲಿ ಮಕ್ಕಳನ್ನು ನಾಲ್ಕು ದಿನ ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು. ಮಗಳು ಎಂಟನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಜೊತೆಗೆ ಅತ್ತೆಯೂ ಬರುತ್ತಾರೆ, ಅವರಿಗೆ ಮೊಣಕಾಲು ನೋವು. ಬೆಂಗಳೂರು, ಮೈಸೂರು ನೋಡಿ ಆಗಿದೆ. ತಿರುವನಂತಪುರ ಅಂತ ನಾನು ಹೇಳಿದರೆ ಮನೆಯವರು, ‘ಅಲ್ಲಿ ಆಫೀಸುಗಳು ಬಿಟ್ಟರೆ ಏನಿದೆ, ಅಷ್ಟು ದೂರ ಯಾಕೆ’ ಅನ್ನುತ್ತಾರೆ. ಅತ್ತೆಗೆ ಪದ್ಮನಾಭಸ್ವಾಮಿ, ಕನ್ಯಾಕುಮಾರಿ ಎರಡೂ ಬೇಕು. ಹೋಗಬಹುದಾ? ಹೇಗೆ ಹೋಗುವುದು? (ಬದಿಯಡ್ಕದಿಂದ ಒಬ್ಬ ಓದುಗರು)

ಉತ್ತರ: ಖಂಡಿತ ಹೋಗಿ ತಂಗಿ. ನಮ್ಮ ಕಡೆಯವರು ತಿರುವನಂತಪುರಕ್ಕೆ ಹೋಗುವುದೆಂದರೆ ಯಾವುದೋ ಫೈಲಿನ ಹಿಂದೆ, ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಗೆ. ಮಕ್ಕಳನ್ನು ಕರೆದುಕೊಂಡು, ಸುಮ್ನೆ ಊರು ನೋಡಲಿಕ್ಕೆ ಅಂತ ಹೋಗುವವರು ಕಡಿಮೆ. ಅದು ನನಗೆ ತುಂಬ ಬೇಸರದ ವಿಷಯ. ಕಾಸರಗೋಡಿನ ನಾವು ಕೇರಳದ ಒಂದು ತುದಿಯಲ್ಲಿದ್ದೇವೆ, ರಾಜಧಾನಿ ಇನ್ನೊಂದು ತುದಿಯಲ್ಲಿದೆ, ಮಧ್ಯೆ ಐನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ. ಆದರೆ ಆ ಊರಿನಲ್ಲಿ ಕಾಸರಗೋಡಿಗೆ ಸೇರಿದ್ದು ಎಷ್ಟಿದೆ ಅಂತ ಒಮ್ಮೆ ಕಣ್ಣಿಂದ ಕಂಡ ಮಕ್ಕಳು ಅದನ್ನು ಪರವೂರು ಅನ್ನುವುದಿಲ್ಲ.

ಮೊದಲು ದಿನದ ಲೆಕ್ಕ ಹೇಳುತ್ತೇನೆ, ಇದು ಮುಖ್ಯ. ಅಲ್ಲಿ ಮ್ಯೂಸಿಯಂ, ಮೃಗಾಲಯ, ಕುದಿರಮಾಳಿಗ ಅರಮನೆ ಎಲ್ಲ ಸೋಮವಾರ ಬಾಗಿಲು ಹಾಕಿರುತ್ತವೆ. ಹಾಗಾಗಿ ಸೋಮವಾರವನ್ನು ರೈಲಿಗೆ ಕೊಟ್ಟುಬಿಡಿ. ಸೋಮವಾರ ಸಂಜೆ ಮಂಗಳೂರಿನಿಂದ ಬರುವ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ಸನ್ನು ಕಾಸರಗೋಡಿನಲ್ಲಿ ಹತ್ತಿದರೆ ಮಂಗಳವಾರ ಬೆಳಗ್ಗೆ ತಿರುವನಂತಪುರದ ತಂಬಾನೂರು ಸ್ಟೇಷನ್ನಿನಲ್ಲಿ ಇಳಿಯಬಹುದು. ವಂದೇ ಭಾರತ್ ಸುಮಾರು ಎಂಟು ಗಂಟೆಯಲ್ಲಿ ತಲುಪಿಸುತ್ತದೆ, ಆದರೆ ಹಗಲು ಪೂರ್ತಿ ಅದರಲ್ಲೇ ಹೋಗುತ್ತದೆ, ಅತ್ತೆಯವರು ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂರುವುದು ಕಷ್ಟ ಅಲ್ವಾ. ಮಲಗಿಕೊಂಡು ಹೋಗುವುದೇ ಒಳ್ಳೆಯದು. ಅವರಿಗೆ ಕೆಳಗಿನ ಬರ್ತ್ ಬೇಕು ಅಂತ ಬುಕ್ ಮಾಡುವಾಗಲೇ ಹಾಕಿ. ಈಗ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ವಿಷುವಿನ ಹಿಂದೆ ಮುಂದೆ ಟಿಕೆಟು ಸಿಗುವುದು ಬಹಳ ಕಷ್ಟ, ಆ ವಾರ ಬಿಟ್ಟು ಆಚೆ ಈಚೆ ನೋಡಿ.

ಉಳಿದುಕೊಳ್ಳಲು ತಂಬಾನೂರಿನ ಆಸುಪಾಸೇ ಸಾಕು. ರೈಲ್ವೆ ಸ್ಟೇಷನ್ನು, ಎದುರಿಗೆ ಬಸ್ ಸ್ಟ್ಯಾಂಡು, ದೇವಸ್ಥಾನವಿರುವ ಕಿಳಕ್ಕೇ ಕೋಟೆಯೂ ಹತ್ತಿರ. ಆಟೋ ಹಿಡಿದರೆ ಆಯಿತು.

ಮಂಗಳವಾರ ಸ್ನಾನ, ತಿಂಡಿ ಮುಗಿಸಿ ಮ್ಯೂಸಿಯಂ ಕಂಪೌಂಡಿಗೆ ಹೋಗಿ. ಒಂದೇ ಆವರಣದಲ್ಲಿ ನೇಪಿಯರ್ ಮ್ಯೂಸಿಯಂ, ಮೃಗಾಲಯ, ಚಿತ್ರಶಾಲೆ ಇವೆ. ದೊಡ್ಡ ದೊಡ್ಡ ಮರಗಳ ನೆರಳಿದೆ, ಅತ್ತೆಯವರು ದಣಿದರೆ ಕೂರಲು ಬೆಂಚುಗಳಿವೆ. ಮೃಗಾಲಯ ಬಹಳ ಹಳೆಯದು, 1857ರಲ್ಲಿ ಶುರುವಾದದ್ದು. ಮ್ಯೂಸಿಯಂ ಕಟ್ಟಡ 1880ರದ್ದು. ರಾಬರ್ಟ್ ಚಿಸಮ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಕೇರಳದ ಮಾಡುಗಳ ರೀತಿಯನ್ನೇ ಹಿಡಿದು ಕಟ್ಟಿದ, ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ಗಾಳಿಯಾಡುತ್ತದೆ. ಕಂಚಿನ ವಿಗ್ರಹಗಳ ಮುಂದೆ ಮಗಳನ್ನು ನಿಧಾನಕ್ಕೆ ನಿಲ್ಲಲು ಬಿಡಿ. ಮಗ ಪ್ರಾಣಿಗಳ ಕಡೆ ಎಳೆದೇ ಎಳೆಯುತ್ತಾನೆ, ನೀವಿಬ್ಬರು ದೊಡ್ಡವರು ಒಬ್ಬೊಬ್ಬರ ಜೊತೆ ಹೋಗಿ, ನಾಲ್ಕೂ ಜನ ಒಟ್ಟಿಗೇ ಎಲ್ಲ ನೋಡಬೇಕು ಅಂತ ಹಟ ಬೇಡ. ಚಿತ್ರಶಾಲೆಯ ಕಡೆ ರಾಜಾ ರವಿವರ್ಮನ ಚಿತ್ರಗಳಿವೆ. ನಮ್ಮ ಅಜ್ಜಿಯಂದಿರ ದೇವರ ಕೋಣೆಯ ಗೋಡೆಯಲ್ಲಿ ಲಕ್ಷ್ಮಿ, ಸರಸ್ವತಿ ಇದ್ದದ್ದು ಅವನ ಕೈಯ ರೂಪದಲ್ಲೇ. ಅತ್ತೆಯವರಿಗೆ ಇದು ಎಲ್ಲಕ್ಕಿಂತ ಹಿಡಿಸಬಹುದು.

ಏಪ್ರಿಲಿನಲ್ಲಿ ಹನ್ನೊಂದೂವರೆಯಿಂದ ಮೂರೂವರೆವರೆಗೆ ಹೊರಗೆ ತಿರುಗಾಟ ಬೇಡವೇ ಬೇಡ. ಊಟ ಮಾಡಿ ಮಲಗಿ. ಊಟದಲ್ಲಿ ಒಂದು ವಿಷಯ ಮರೆಯಬೇಡಿ, ಆ ಕಡೆ ಎಲೆಯೂಟಕ್ಕೆ ಬೋಳಿ ಬಡಿಸುತ್ತಾರೆ, ನೋಡಲು ನಮ್ಮ ಹೋಳಿಗೆಯೇ, ಅದನ್ನು ಹಾಲುಪಾಯಸದ ಜೊತೆ ಕಲಸಿ ತಿನ್ನುತ್ತಾರೆ. ಸಂಜೆ ಶಂಖುಮುಖಂ ಕಡಲ ತೀರಕ್ಕೆ ಹೋಗಿ. ಅಲ್ಲಿ ಮಲಗಿದ ಭಂಗಿಯಲ್ಲಿರುವ ದೊಡ್ಡ ಜಲಕನ್ಯೆಯ ಶಿಲ್ಪವಿದೆ, 87 ಅಡಿ ಉದ್ದ. ಮಾಡಿದವರು ಕಾನಾಯಿ ಕುಂಞಿರಾಮನ್, ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಹುಟ್ಟಿದವರು. ಇದನ್ನು ಮಕ್ಕಳಿಗೆ ಹೇಳಿ. ಕಡಲು ಅಲ್ಲಿ ಜೋರು, ನೀರಿಗೆ ಇಳಿಸಬೇಡಿ.

ಬುಧವಾರ ದೇವಸ್ಥಾನ. ಬೆಳಗ್ಗೆ ಎಷ್ಟು ಬೇಗ ಹೋಗುತ್ತೀರೋ ಅಷ್ಟು ಒಳ್ಳೆಯದು, ಸಾಲು ಕಡಿಮೆ, ಕಲ್ಲು ಕಾಲನ್ನು ಸುಡುವುದಿಲ್ಲ. ಅನಂತನ ಮೇಲೆ ಮಲಗಿದ ಪದ್ಮನಾಭನನ್ನು ಮೂರು ಬಾಗಿಲುಗಳ ಮೂಲಕ ನೋಡಬೇಕು. ಒಂದರಲ್ಲಿ ಮುಖ, ನಡುವಿನದರಲ್ಲಿ ನಾಭಿಯ ತಾವರೆ, ಮೂರನೆಯದರಲ್ಲಿ ಪಾದ. ಮಕ್ಕಳಿಗೆ ಮೊದಲೇ ಹೇಳಿಕೊಡಿ, ಇಲ್ಲದಿದ್ದರೆ ನೂಕುನುಗ್ಗಲಿನಲ್ಲಿ ಏನು ನೋಡಿದೆವು ಅಂತಲೇ ಗೊತ್ತಾಗುವುದಿಲ್ಲ.

ಇಲ್ಲಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಕುಂಬಳೆ ಹತ್ತಿರದ ನಮ್ಮ ಅನಂತಪುರ ಕೆರೆ ದೇವಸ್ಥಾನಕ್ಕೆ ಮಕ್ಕಳನ್ನು ಇನ್ನೊಮ್ಮೆ ಕರೆದುಕೊಂಡು ಹೋಗಿ. ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರಲ್ಲಿ ತೀರಿಕೊಂಡ ಮೇಲೆ ಅಲ್ಲಿಗೆ ಹೋಗಿರಲಿಕ್ಕಿಲ್ಲ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಅದೇ ಎನ್ನುವುದು ನಮ್ಮಲ್ಲಿಯ ನಂಬಿಕೆ. ಬಿಲ್ವಮಂಗಲ ಸ್ವಾಮಿಗಳು ತಪಸ್ಸಿಗೆ ಕೂತಿದ್ದಾಗ ಕೀಟಲೆ ಮಾಡಿದ ಹುಡುಗನನ್ನು ಕೈಯಿಂದ ತಳ್ಳಿದರು, ಹುಡುಗ ಗುಹೆಯಲ್ಲಿ ಮಾಯವಾದ, ಅವನನ್ನು ಹುಡುಕುತ್ತಾ ಸ್ವಾಮಿಗಳು ತೆಂಕಣಕ್ಕೆ ನಡೆದರು ಅಂತ ಕಥೆ. ಅತ್ತೆಯವರಿಗೆ ಗೊತ್ತೇ ಇರುತ್ತದೆ, ರೈಲಿನಲ್ಲಿ ಅವರಿಂದಲೇ ಹೇಳಿಸಿ. ಕಥೆ ಮಾತ್ರ ಅಲ್ಲ, ಇವತ್ತಿಗೂ ನಡೆಯುವ ಸಂಬಂಧ ಒಂದಿದೆ. ಪದ್ಮನಾಭನ ಪೂಜೆ ಮಾಡುವ ನಂಬಿಗಳು ಚಂದ್ರಗಿರಿ ಹೊಳೆಯ ಆಚೆ ಈಚೆಯ ಮನೆತನಗಳಿಂದ ಹೋಗುವವರು. ಅಕ್ಕರೆ ದೇಶಿ, ಇಕ್ಕರೆ ದೇಶಿ ಅಂತ ಅವರನ್ನು ಕರೆಯುವುದು ಆ ಹೊಳೆಯನ್ನು ಹಿಡಿದೇ. ನಿಮ್ಮ ಮಕ್ಕಳು ಬಸ್ಸಿನಲ್ಲಿ ದಾಟುವ ಅದೇ ಚಂದ್ರಗಿರಿ. ಇದನ್ನು ತಿಳಿದು ಆ ಮೂರು ಬಾಗಿಲುಗಳ ಮುಂದೆ ನಿಲ್ಲುವುದಕ್ಕೂ ತಿಳಿಯದೆ ನಿಲ್ಲುವುದಕ್ಕೂ ಎಷ್ಟು ವ್ಯತ್ಯಾಸ!

ದರ್ಶನ ಆದ ಮೇಲೆ ಪಕ್ಕದಲ್ಲೇ ಕುದಿರಮಾಳಿಗ. ಸ್ವಾತಿ ತಿರುನಾಳ್ ಮಹಾರಾಜರು ಕಟ್ಟಿಸಿದ ಮರದ ಅರಮನೆ, ಮಾಡಿನ ಕೆಳಗೆ ಸಾಲಾಗಿ 122 ಮರದ ಕುದುರೆಗಳು. ಆ ರಾಜರು ಕನ್ನಡದಲ್ಲೂ ಕೀರ್ತನೆ ರಚಿಸಿದವರು. ಮಗಳು ಸಂಗೀತ ಕಲಿಯುತ್ತಿದ್ದರೆ ಅವಳ ಟೀಚರರಲ್ಲಿ ಕೇಳಿಕೊಂಡು ಹೋಗಲಿ. ಹೊರಗೆ ಬಂದರೆ ಮೇತ್ತನ್ ಮಣಿ ಅಂತ ಹಳೆಯ ಗಡಿಯಾರ. ಗಡ್ಡದ ಒಂದು ಮುಖ, ಎರಡು ಬದಿಗೆ ಎರಡು ಟಗರು, ಗಂಟೆ ಹೊಡೆಯುವಾಗ ಅವು ಬಂದು ಕೆನ್ನೆಗೆ ಗುದ್ದುವಂತೆ ಮಾಡಿದ್ದಾರೆ. ಮಗನನ್ನು ಗಂಟೆಗೆ ಸರಿಯಾಗಿ ಅಲ್ಲಿ ನಿಲ್ಲಿಸಿ.

ಗುರುವಾರಕ್ಕೆ ‘ತುಂಬಾ’ ಎಂಬ ಊರು. ಮಕ್ಕಳಿಗಾಗಿ ಹೋಗುವುದಾದರೆ ಇದನ್ನು ಬಿಡಲೇಬಾರದು ಅಂತ ನನ್ನ ಅಭಿಪ್ರಾಯ. 1963ರ ನವೆಂಬರ್ 21ರಂದು ನಮ್ಮ ದೇಶದ ನೆಲದಿಂದ ಮೊದಲ ರಾಕೆಟ್ ಹಾರಿದ್ದು ಇಲ್ಲಿಂದ. ಭೂಮಿಯ ಕಾಂತೀಯ ಸಮಭಾಜಕ ರೇಖೆ ತುಂಬಾದ ಹತ್ತಿರ ಹಾದು ಹೋಗುತ್ತದೆ, ಮೇಲಿನ ವಾತಾವರಣವನ್ನು ಅಳೆಯಲು ಅದೇ ಸರಿಯಾದ ಜಾಗ ಅಂತ ವಿಕ್ರಂ ಸಾರಾಭಾಯಿ ಈ ಮೀನುಗಾರರ ಊರನ್ನು ಆರಿಸಿದರು. ಊರಿನವರು ತಮ್ಮ ಇಗರ್ಜಿಯನ್ನೇ ಬಿಟ್ಟುಕೊಟ್ಟರು. ಅಲ್ಲೇ ಕೂತು ರಾಕೆಟ್ ಕೆಲಸ ಮಾಡಿದರು, ರಾಕೆಟಿನ ಭಾಗವನ್ನು ಸೈಕಲ್ಲಿನ ಹಿಂದೆ ಇಟ್ಟು ಸಾಗಿಸಿದ ಫೋಟೋ ನೀವೂ ನೋಡಿರಬಹುದು. ಆ ಮೇರಿ ಮ್ಯಾಗ್ದಲೀನ ಇಗರ್ಜಿಯೇ ಈಗ ಬಾಹ್ಯಾಕಾಶ ಮ್ಯೂಸಿಯಂ. ಹಠಾತ್ತನೆ ಹೋಗಿ ಬಾಗಿಲು ತಟ್ಟುವ ಜಾಗ ಅಲ್ಲ. ಹೊರಡುವ ಮೊದಲೇ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ವೆಬ್‌ಸೈಟ್ ನೋಡಿ ಯಾವ ದಿನ, ಯಾವ ಸಮಯ, ಹೆಸರು ಕೊಡುವುದು ಹೇಗೆ ಅಂತ ಖಚಿತ ಮಾಡಿಕೊಳ್ಳಿ. ಎಲ್ಲರ ಆಧಾರ್ ಕಾರ್ಡು ಕೈಯಲ್ಲಿರಲಿ. ಅದೇ ರಾತ್ರಿ ರೈಲು ಹತ್ತಿದರೆ ಶುಕ್ರವಾರ ಮನೆ.

ಕನ್ಯಾಕುಮಾರಿ? ನಾಲ್ಕೇ ದಿನದಲ್ಲಿ ತುರುಕಬೇಡಿ. ತಿರುವನಂತಪುರದಿಂದ ಹೋಗಿ ಬರಲು ಇಡೀ ದಿನ ಬೇಕು. ಅತ್ತೆಯವರಿಗೆ ಅದು ಜೀವನದ ಆಸೆ ಅಂತಾದರೆ ಒಂದು ದಿನ ರಜೆ ಜಾಸ್ತಿ ಹಾಕಿ, ಅವರ ಆಸೆ ದೊಡ್ಡದು. ದಾರಿಯಲ್ಲಿ ತಕ್ಕಲೆ ಹತ್ತಿರ ಪದ್ಮನಾಭಪುರಂ ಅರಮನೆ ಸಿಗುತ್ತದೆ, ಇರುವುದು ತಮಿಳುನಾಡಿನಲ್ಲಿ, ನೋಡಿಕೊಳ್ಳುವುದು ಕೇರಳ ಸರಕಾರ. ಬಹಳ ಚಂದ, ಆದರೆ ಕಡಿದಾದ ಮರದ ಮೆಟ್ಟಿಲುಗಳು, ಮೊಣಕಾಲು ನೋವಿನವರು ಕೆಳಗೇ ಕೂರಬೇಕಾದೀತು. ಪೊನ್ಮುಡಿ, ಕೋವಳಂ ಈ ಸಲ ಬಿಡಿ.

ಇನ್ನೊಂದು ಮಾತು. ಬಸ್ಸಿನ ಬೋರ್ಡು ಓದುವುದು, ಟಿಕೆಟು ತೆಗೆಯುವುದು, ದಾರಿ ಕೇಳುವುದು ಎಲ್ಲ ಮಗಳ ಕೈಗೆ ಕೊಡಿ. ಕನ್ನಡ ಮೀಡಿಯಂನಲ್ಲಿ ಓದುವ ನಮ್ಮ ಮಕ್ಕಳಿಗೆ ಮುಂದೆ ಕಾಲೇಜಿಗೋ ಕೆಲಸಕ್ಕೋ ಆ ಊರಿಗೆ ಹೋಗುವಾಗ ಒಂದು ಅಂಜಿಕೆ ಇರುತ್ತದೆ, ಮಲಯಾಳ ತಪ್ಪಾದೀತು ಅಂತ. ಅಪ್ಪ ಅಮ್ಮ ಪಕ್ಕದಲ್ಲಿರುವಾಗ ಒಮ್ಮೆ ಮಾತಾಡಿ ರೂಢಿಯಾದರೆ ಆ ಅಂಜಿಕೆ ಅರ್ಧ ಹೋಗುತ್ತದೆ. ಮನೆಯವರಿಗೆ ಇದನ್ನೂ ಹೇಳಿ.

ಪ್ರಶ್ನೆ: ಪದ್ಮನಾಭಸ್ವಾಮಿ ದೇವಸ್ಥಾನಕ್ಕೆ ಚೂಡಿದಾರ್ ಹಾಕಿ ಹೋಗಬಹುದೇ? ಗಂಡಸರಿಗೆ ಪ್ಯಾಂಟ್ ನಡೆಯುತ್ತದೆಯೇ? (ಕುಂಬಳೆ)

ಉತ್ತರ: ಪ್ಯಾಂಟ್ ನಡೆಯುವುದಿಲ್ಲ. ಗಂಡಸರು, ಹುಡುಗರು ಮುಂಡು ಉಟ್ಟು ಅಂಗಿ ತೆಗೆದು ಹೋಗಬೇಕು. ಹೆಂಗಸರಿಗೆ ಸೀರೆ, ಉದ್ದ ಲಂಗ ಸರಿ. ಚೂಡಿದಾರ್ ಆದರೆ ಮೇಲಿಂದ ಮುಂಡು ಸುತ್ತಿಕೊಳ್ಳಬೇಕು. ಅಲ್ಲಿ ಬಾಡಿಗೆಗೆ ಸಿಗುತ್ತದೆ, ಆದರೂ ಮನೆಯಿಂದ ಎರಡು ಮುಂಡು ಬ್ಯಾಗಿನಲ್ಲಿ ಇಟ್ಟುಕೊಂಡರೆ ಗಡಿಬಿಡಿ ಇಲ್ಲ. ಮೊಬೈಲು ರೂಮಿನಲ್ಲೇ ಬಿಡಿ, ಒಳಗೆ ಬಿಡುವುದಿಲ್ಲ. ಮೀನ ಮಾಸದಲ್ಲಿ, ಅಂದರೆ ಮಾರ್ಚ್-ಏಪ್ರಿಲಿನಲ್ಲಿ ಪೈಂಗುನಿ ಉತ್ಸವ ಬರುತ್ತದೆ. ಕೊನೆಯ ದಿನದ ಆರಾಟು ಮೆರವಣಿಗೆ ವಿಮಾನ ನಿಲ್ದಾಣದ ರನ್‌ವೇ ದಾಟಿ ಶಂಖುಮುಖಂ ಕಡಲಿಗೆ ಹೋಗುತ್ತದೆ, ಅಷ್ಟು ಹೊತ್ತು ವಿಮಾನಗಳನ್ನೇ ನಿಲ್ಲಿಸುತ್ತಾರೆ! ನಿಮ್ಮ ದಿನಗಳು ಅದಕ್ಕೆ ಕೂಡಿ ಬಂದರೆ ನೋಡಿಯೇ ಬನ್ನಿ.

ಪ್ರಶ್ನೆ: ನಾನು ಶಾಲೆಯ ಅಧ್ಯಾಪಕ. ನನ್ನ ಇಬ್ಬರು ಮಕ್ಕಳಿಗೆ ನಿಯಮಸಭೆ, ಅಂದರೆ ಕೇರಳದ ವಿಧಾನಸಭೆ ತೋರಿಸುವ ಆಸೆ. ಅದಕ್ಕೆ ಏನು ಮಾಡಬೇಕು? (ಮಂಜೇಶ್ವರ)

ಉತ್ತರ: ಒಳ್ಳೆಯ ಆಸೆ ಮಾಷ್ಟ್ರೇ. ಅಧಿವೇಶನ ನಡೆಯುವಾಗ ಗ್ಯಾಲರಿಯಲ್ಲಿ ಕೂರಲು ಪಾಸ್ ಬೇಕು, ನಿಮ್ಮ ಶಾಸಕರ ಕಚೇರಿಯಲ್ಲಿ ಮೊದಲೇ ಕೇಳಿ. ಈಗಿನ ಕಟ್ಟಡವನ್ನು 1998ರ ಮೇ 22ರಂದು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಉದ್ಘಾಟಿಸಿದರು. ಅದಕ್ಕೆ ಮೊದಲು ಸಭೆ ಸೇರುತ್ತಿದ್ದದ್ದು ಸೆಕ್ರೆಟೇರಿಯಟ್ ಆವರಣದ ಹಳೆಯ ಸಭಾಂಗಣದಲ್ಲಿ. ಮಕ್ಕಳಿಗೆ ಎರಡು ವಿಷಯ ತಪ್ಪದೆ ಹೇಳಿ. ಕೇರಳದ ಮೊದಲ ಮುಖ್ಯಮಂತ್ರಿ ಇ.ಎಂ.ಎಸ್. 1957ರಲ್ಲಿ ಗೆದ್ದದ್ದು ನೀಲೇಶ್ವರ ಕ್ಷೇತ್ರದಿಂದ, ಈಗಿನ ನಮ್ಮ ಜಿಲ್ಲೆಯಿಂದ. 2021ರಲ್ಲಿ ನಿಮ್ಮ ಮಂಜೇಶ್ವರದ ಶಾಸಕರು ಆ ಸಭೆಯಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ. ಅಲ್ಲಿ ನಮ್ಮ ಭಾಷೆ ಕೇಳಿಸಿದೆ ಅಂತ ಗೊತ್ತಿದ್ದು ಆ ಗ್ಯಾಲರಿಯಲ್ಲಿ ಕೂತರೆ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ.

ಪ್ರಶ್ನೆ: ನಾವು ದಿಲ್ಲಿಗೇ ಹೋಗುವುದು ಅಂತ ನಿಶ್ಚಯ ಮಾಡಿದ್ದೇವೆ. ಮೇ ತಿಂಗಳಲ್ಲಿ ಆಗಬಹುದೇ? (ಉಪ್ಪಳ)

ಉತ್ತರ: ಮೇ ಬೇಡ, ಆ ಬಿಸಿಗಾಳಿ ಮಕ್ಕಳಿಗೆ ಆಗುವುದಿಲ್ಲ. ಪರೀಕ್ಷೆ ಮುಗಿದ ಕೂಡಲೇ ಏಪ್ರಿಲ್ ಮೊದಲ ವಾರದಲ್ಲಿ ಹೊರಡಿ. ಮಂಗಳಾ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲೇ ನಿಲ್ಲುತ್ತದೆ, ನಿಜಾಮುದ್ದೀನಿನಲ್ಲಿ ಇಳಿಸುತ್ತದೆ. ಕೆಂಪುಕೋಟೆ ಮತ್ತು ರೈಲು ಮ್ಯೂಸಿಯಂಗೆ ಸೋಮವಾರ ರಜೆ, ಆಗ್ರಾಕ್ಕೆ ಹೋಗುವುದಾದರೆ ತಾಜಮಹಲಿಗೆ ಶುಕ್ರವಾರ ರಜೆ. ಹುಮಾಯೂನನ ಸಮಾಧಿ ನಿಜಾಮುದ್ದೀನಿಗೆ ಹತ್ತಿರ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಬಾಟಲಿಯಲ್ಲಿ ನೀರು, ತಲೆಗೆ ಟೊಪ್ಪಿ ಸದಾ ಇರಲಿ.