ಪ್ರತಿಕ್ರಿಯೆ: ಬಾಸ್ಟನ್ನಿನ ಶರತ್ಕಾಲದ ಸಂಜೆಗೆ ಯಾವ ಸಂಗೀತ?

ನಮಸ್ಕಾರ. ಬಾಸ್ಟನ್ನಿನಲ್ಲಿ ಇದು ನಿಮ್ಮ ಮೊದಲ ಶರತ್ಕಾಲ, ಸಂಜೆ ಒಂದು ಗಂಟೆಯ ನಡಿಗೆಗೆ ಪ್ಲೇಲಿಸ್ಟ್ ಬೇಕು, ಸಿದ್ಧವಾಗಿ ಸಿಗುವವೆಲ್ಲ ಬರೀ ಅಳುವ ಹಾಡುಗಳು ಎಂದು ಬರೆದಿದ್ದೀರಿ. ನಿಮ್ಮ ಬೇಸರ ನ್ಯಾಯವಾದದ್ದೇ. ಅಲ್ಲಿನ ಅಕ್ಟೋಬರ್ ಶೋಕದ ತಿಂಗಳಲ್ಲ. ಮೇಪಲ್ ಮರಗಳು ಕೆಂಪೇರುವ, ಸೇಬು ಮತ್ತು ಕುಂಬಳಕಾಯಿ ಕೊಯ್ಯುವ ತಿಂಗಳು.

ಹಾಗಾಗಿ ಇಟಲಿಯ ಸಂಗೀತ ರಚನೆಕಾರ ವಿವಾಲ್ಡಿಯಿಂದ ಆರಂಭಿಸಿ. 1725ರಲ್ಲಿ ಪ್ರಕಟವಾದ ಅವನ ನಾಲ್ಕು ಋತುಗಳ ರಚನೆಗಳಲ್ಲಿ ಮೂರನೆಯದು ಶರತ್ಕಾಲದ್ದು. ಹಳ್ಳಿಗರ ಸುಗ್ಗಿ ಕುಣಿತ, ಕುಡಿದು ಮಲಗಿದವರ ನಿದ್ದೆ, ಮುಂಜಾನೆಯ ಬೇಟೆ ಎಲ್ಲವೂ ಅದರಲ್ಲಿವೆ. ನಡಿಗೆಗೆ ಒಳ್ಳೆಯ ವೇಗ.

ಬೆಳಕು ಇಳಿಯತೊಡಗಿದಾಗ ಹಿಂದೂಸ್ತಾನಿಯ ಮಾರವಾ ರಾಗ ಹಾಕಿ. ಇದನ್ನು ಮಾತ್ರ ಬಿಡಬೇಡಿ. ಸೂರ್ಯಾಸ್ತದ ಹೊತ್ತಿಗೆ ಹಾಡುವ ಈ ರಾಗದಲ್ಲಿ ಪಂಚಮವೇ, ಅಂದರೆ 'ಪ' ಸ್ವರವೇ, ಇಲ್ಲ. ಆಧಾರ ಸ್ವರವಾದ ಷಡ್ಜವನ್ನೂ (ಸ) ಗಾಯಕರು ಬಹಳ ಹೊತ್ತು ಮುಟ್ಟದೆ, ಕೋಮಲ ರಿಷಭ (ತಗ್ಗಿಸಿದ ರಿ) ಮತ್ತು ಧೈವತಗಳ (ಧ) ಸುತ್ತಲೇ ಸುಳಿಯುತ್ತಾರೆ. ಮನೆಗೆ ಮರಳಬೇಕು, ಇನ್ನೂ ಮರಳಿಲ್ಲ ಎಂಬ ತಳಮಳ ಅಲ್ಲಿಂದ ಹುಟ್ಟುತ್ತದೆ. ದೂರದೇಶದಲ್ಲಿರುವವರಿಗೆ ಅದು ಇನ್ನೂ ಆಳಕ್ಕೆ ಇಳಿಯುತ್ತದೆ. ಹಿಂದೂಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನರ ವಿಲಂಬಿತ (ನಿಧಾನ ಲಯದ) ಗಾಯನವನ್ನು ನಡುವೆ ನಿಲ್ಲಿಸದೆ ಕೇಳಿ. ಆಮೇಲೆ ನಮ್ಮ ಗದಗಿನ ಭೀಮಸೇನ ಜೋಶಿಯವರದನ್ನು.

ಕೊನೆಗೆ ಜರ್ಮನ್ ರಚನೆಕಾರ ಬ್ರಾಮ್ಸ್ 1891ರಲ್ಲಿ ಬರೆದ ಕ್ಲಾರಿನೆಟ್ ಕ್ವಿಂಟೆಟ್‌ನ (ಕ್ಲಾರಿನೆಟ್ ಮತ್ತು ನಾಲ್ಕು ತಂತಿವಾದ್ಯಗಳ ರಚನೆ) ನಿಧಾನ ಭಾಗ ಸಾಕು. ಷಫಲ್ ಆಫ್ ಮಾಡಿಡಿ, ಈ ಕ್ರಮ ಕೆಡಬಾರದು.

ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ; ಆಮೇಲೆ ಐದಕ್ಕೂ ಮೊದಲೇ ಸೂರ್ಯ ಮುಳುಗುತ್ತಾನೆ. ಆಗ ಕತ್ತಲಲ್ಲೇ ನಡೆಯುವುದಾದರೆ ಮಾರವಾದ ಜಾಗಕ್ಕೆ ರಾತ್ರಿಯ ಮೊದಲ ಜಾವದ ರಾಗವಾದ ಯಮನ್ ಹಾಕಿಕೊಳ್ಳಿ.