ಮೊದಲು ತಳ್ಳಲಿ, ಆಮೇಲೆ ಕೂರಲಿ

ಪ್ರಶ್ನೆ: ಮಗನಿಗೆ 4 ವರ್ಷ. ಕೂತಲ್ಲಿ ಕೂರುವುದಿಲ್ಲ. ಸೋಫಾ ಮೇಲಿಂದ ಧುಮುಕುತ್ತಾನೆ, ಬೇಕಂತಲೇ ಗೋಡೆಗೆ ಡಿಕ್ಕಿ ಹೊಡೆಯುತ್ತಾನೆ, ಓಡಿ ಬಂದು ಮೈಮೇಲೆ ಬೀಳುತ್ತಾನೆ, ಶರ್ಟಿನ ಕಾಲರ್ ಜಗಿದು ಜಗಿದು ಒದ್ದೆ ಮಾಡಿಕೊಳ್ಳುತ್ತಾನೆ. ಚಿತ್ರ ಬಿಡಿಸಲು ಕೂರಿಸಿದರೆ ಎರಡೇ ಗೀಟು, ಎದ್ದು ಓಟ. ಬೈದೂ ಆಯ್ತು, ಮುದ್ದು ಮಾಡಿಯೂ ಆಯ್ತು. ಮನೆಯವರೆಲ್ಲ ಹಠಮಾರಿ ಅಂತಾರೆ. ಏನು ಮಾಡಲಿ?

ಉತ್ತರ: ನನಗೇನೋ ಇದು ಹಠ ಅನ್ನಿಸುತ್ತಿಲ್ಲ. ನೀವು ಬರೆದದ್ದನ್ನೇ ಇನ್ನೊಮ್ಮೆ ಓದಿ. ಧುಮುಕುವುದು, ಡಿಕ್ಕಿ, ಜಗಿಯುವುದು, ಮೈಮೇಲೆ ಬೀಳುವುದು. ಎಲ್ಲದರಲ್ಲೂ ಸ್ನಾಯು, ಕೀಲುಗಳ ಮೇಲೆ ಜೋರಾಗಿ ಒತ್ತಡ ಬೀಳುತ್ತದೆ, ಅಲ್ವಾ? ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕಬೇಕು ಅಂತ ಮಿದುಳಿಗೆ ಸುದ್ದಿ ಹೋಗುವುದು ಅಲ್ಲಿಂದ. ಕೆಲವು ಮಕ್ಕಳಿಗೆ ಆ ಸುದ್ದಿ ಜಾಸ್ತಿ ಬೇಕು, ಸಿಗದಿದ್ದರೆ ಹುಡುಕಿಕೊಂಡು ಹೋಗುತ್ತವೆ. ಹೀಗೆ ನೋಡುವುದನ್ನು ಕಲಿಸಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ, ಆಟಗಳನ್ನು ರೂಢಿ ಮಾಡಿಸುವ ಚಿಕಿತ್ಸಕಿ) ಜೀನ್ ಏರ್ಸ್. ಇದನ್ನೇ ಒಂದು ಕಾಯಿಲೆ ಅಂತ ಹೆಸರಿಡಬೇಡಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದೆ, ಆದ್ದರಿಂದ ಹೆಸರಿನ ಗೊಡವೆ ಬೇಡ.

ನಾವು ಮಾಡುವ ತಪ್ಪು ಒಂದೇ. 'ಐದು ನಿಮಿಷ ಸುಮ್ನೆ ಕೂತರೆ ಆಟಕ್ಕೆ ಬಿಡ್ತೀನಿ' ಅಂತೀವಿ. ಇದನ್ನು ತಿರುಗಿಸಿ. ಭಾರದ ಕೆಲಸ ಮೊದಲು, ಕೂರುವುದು ಆಮೇಲೆ.

ಬಟ್ಟೆ ತುಂಬಿದ ಬುಟ್ಟಿಯನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ತಳ್ಳಲು ಹೇಳಿ. ಎರಡೂ ಅಂಗೈ ಊರಿ, ಕಾಲ್ಬೆರಳು ನೆಲಕ್ಕೊತ್ತಿ ತಳ್ಳುವಾಗ ಅವನ ಮುಖ ನೋಡಿ, ತುಟಿ ಕಚ್ಚಿಕೊಂಡಿರುತ್ತಾನೆ, ಅಷ್ಟು ಹೊತ್ತು ಮಾತೂ ನಿಂತಿರುತ್ತದೆ. ನಾಲ್ಕು ಸುತ್ತು ಆದ ಮೇಲೆ ತಡ ಮಾಡದೆ ಹಾಳೆ, ಬಣ್ಣ ಕೊಡಿ. ಕುರ್ಚಿಯೇ ಆಗಬೇಕೆಂದಿಲ್ಲ. ಹೊಟ್ಟೆ ಮೇಲೆ ಮಲಗಿ ಬಿಡಿಸಲಿ, ಗೋಡೆಗೆ ಹಾಳೆ ಅಂಟಿಸಿ ನಿಂತು ಬಿಡಿಸಲಿ. ಎರಡು ಗೀಟಿನ ಜಾಗದಲ್ಲಿ ಹತ್ತಾದರೆ ಸಾಕು, ಮೊದಲ ವಾರವೇ ಪವಾಡ ಆಗುವುದಿಲ್ಲ.

ಉಯ್ಯಾಲೆಯಲ್ಲಿ ಒಂದು ಸೂಕ್ಷ್ಮ ಇದೆ. ಗರಗರ ತಿರುಗಿಸಿದರೆ ಸಾಮಾನ್ಯವಾಗಿ ಇನ್ನೂ ಕೆರಳುತ್ತಾರೆ. ಹಿಂದಕ್ಕೆ ಮುಂದಕ್ಕೆ ನಿಧಾನವಾಗಿ, ಒಂದೇ ಲಯದಲ್ಲಿ ತೂಗಿದರೆ ತಣ್ಣಗಾಗುತ್ತಾರೆ. ಮಲಗುವ ಮುಂಚೆ ಕಚಗುಳಿ, ಅಟ್ಟಾಡಿಸುವ ಆಟ ಬೇಡ (ಮನೆಗೆ ತಡವಾಗಿ ಬರುವ ಅಪ್ಪಂದಿರು ಗಮನಿಸಿ). ಅವನಾಗಿ ಬಂದರೆ ಬಿಗಿಯಾಗಿ ಅಪ್ಪಿಕೊಳ್ಳಿ. ತೂಕದ ಹೊದಿಕೆ ಅಂತ ಒಳಗೆ ಭಾರ ತುಂಬಿದ ಹೊದಿಕೆ ಮಾರುತ್ತಾರಲ್ಲ, ಆಕ್ಯುಪೇಷನಲ್ ಥೆರಪಿಸ್ಟ್ ಹೇಳದೆ ಇಷ್ಟು ಚಿಕ್ಕವರಿಗೆ ಹೊದಿಸಬೇಡಿ.

ಈ ವಯಸ್ಸಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥದ್ದು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ನಿಮ್ಮವನು ಬಹುಶಃ ಮಧ್ಯಾಹ್ನದೊಳಗೇ ಮುಗಿಸುತ್ತಾನೆ! ಟಿವಿ, ಮೊಬೈಲ್ ಪರದೆ ನೋಡುವುದು ದಿನಕ್ಕೆ 1 ಗಂಟೆ ದಾಟಬಾರದು. ನಿದ್ದೆ 10ರಿಂದ 13 ಗಂಟೆ. ನಿದ್ದೆ ಕೆಟ್ಟ ಮಗು ತೂಕಡಿಸುವ ಬದಲು ಕುಣಿಯುತ್ತದೆ, ಇದನ್ನು ಮರೆಯುವವರೇ ಜಾಸ್ತಿ.

ಮಾತು ತಡವಾಗಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಜೋರಾಗಿ ಪೆಟ್ಟಾದರೂ ನೋವು ಕಾಣದಿದ್ದರೆ, ಮನೆಯಲ್ಲೂ ಶಾಲೆಯಲ್ಲೂ ತಿಂಗಳುಗಟ್ಟಲೆ ಇದೇ ಪಾಡಾದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕಿವಿಯನ್ನೂ ಪರೀಕ್ಷೆ ಮಾಡಿಸಿ.

ಇನ್ನು ಕಾಲರ್. ಎಳೆದುಕೊಳ್ಳಬೇಡಿ, ಬೈಯಬೇಡಿ. ಜಗಿಯಲು ಸ್ವಲ್ಪ ಗಟ್ಟಿಯಾದ ತಿಂಡಿ ಕೊಡಿ, ಕೂತು ತಿನ್ನಲಿ, ನೀವು ಪಕ್ಕದಲ್ಲಿರಿ. ಜಗಿಯುವುದು ಕಡಿಮೆಯಾಗುವವರೆಗೆ ಕಾಲರ್ ಇಲ್ಲದ ಅಂಗಿ ಹಾಕಿ.